ಒಂದು ವಚನದಷ್ಟು ಹೊತ್ತು

ಫಾರಿನ್ನಿಗೆ ಹೋಗಿದ್ರಂತಲ್ಲ, ಏನೇನು ನೋಡಿದ್ರಿ ಅಂತ ಯಡಿಯೂರು ಕೆರೆ ಸುತ್ತ ವಾಕ್ ಮಾಡೋ ಹೆಂಗಸರೆಲ್ಲ ಕೇಳಿ ಆಯ್ತು. ಹಿಮದ ಬೆಟ್ಟ ನೋಡಿದೆ, ಕಿಟಕಿಯಿಂದ. ಸೇಬು ತಿಂದೆ. ಉಳಿದ ಹೊತ್ತೆಲ್ಲ ಒಂದು ಕ್ಲಿನಿಕ್ಕಿನ ಕುರ್ಚಿ ಮೇಲೆ ಕೂತು, ನಮ್ಮಕ್ಕನ ತೋಳಿಗೆ ಹನಿ ಹನಿಯಾಗಿ ಇಳಿಯೋ ನೀರು ನೋಡಿದೆ. ಅದು ನೀರೋ ಇನ್ನೇನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಅದನ್ನ ಗ್ರೋತ್ ಫ್ಯಾಕ್ಟರ್ ಅಂದ್ರು. ಇಂಥ ಪ್ರವಾಸ ನನ್ನ ಶತ್ರುಗೂ ಬೇಡ. ಆದರೂ ಬರೀತಿದೀನಿ, ಯಾಕಂದ್ರೆ ಅದೇ ದಾರಿ ಹಿಡಿದು ನಮ್ಮ ಕಡೆಯ ಇನ್ನಷ್ಟು ಜನ ಹೊರಟು ನಿಂತಿದಾರೆ.

ಬಿಟಿಎಂ ಲೇಔಟ್

ನಮ್ಮಕ್ಕನ ಹೆಸರು ಸರ್ವಮಂಗಳ. ಹೈಸ್ಕೂಲಲ್ಲಿ ಕನ್ನಡ ಟೀಚರ್ ಆಗಿದ್ದವಳು. ಭಾವ ಹೋದ ಮೇಲೆ ಯಡಿಯೂರಿನಲ್ಲಿ ನನ್ನ ಜೊತೇಲೇ ಇದಾಳೆ. ನನ್ನದು ಬನಶಂಕರಿಯಲ್ಲಿ ಸೀರೆ ಅಂಗಡಿ, ನನ್ನ ಬಾಯಿ ಸ್ವಲ್ಪ ಜೋರು. ಅಕ್ಕ ಮೆತ್ತಗೆ. ಪಾರ್ಕಿನ್ಸನ್ ಬಂದ ಮೇಲೆ ಅವಳ ದನಿ ಇನ್ನೂ ಕುಗ್ಗಿಹೋಯ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನ ತಿಂದುಹಾಕಿದ್ದು ಎಡಗೈ ನಡುಕ.

ನಮ್ಮದು ಲಿಂಗಾಯತರ ಮನೆ. ಸ್ನಾನ ಮಾಡಿ, ಕೊರಳಲ್ಲಿ ತೂಗೋ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈ ಮೇಲೆ ಇಟ್ಕೊಂಡು, ಪತ್ರೆ ಏರಿಸಿ, ಕಣ್ಣು ಕದಲಿಸದೆ ನೋಡ್ತಾ ವಚನ ಹೇಳ್ಕೊಳ್ಳೋದು ನಮ್ಮ ಪೂಜೆ. ಗುಡಿ ಬೇಡ, ಪೂಜಾರಿ ಬೇಡ, ಅಂಗೈಯೇ ಪೀಠ. ಅಕ್ಕ ದೀಕ್ಷೆ ಆದಾಗಿನಿಂದ ಒಂದು ದಿನ ಅದನ್ನ ತಪ್ಪಿಸಿದವಳಲ್ಲ. ಅಂಥವಳಿಗೆ ದೇವರು ಬಲಗೈ ಬಿಟ್ಟು ಎಡಗೈಗೇ ಈ ರೋಗ ಇಟ್ಟ. ಮೊದಮೊದಲು ಮೂರು ವಚನ ಮುಗಿಯೋವರೆಗೆ ಕೈ ನಿಲ್ತಿತ್ತು. ಆಮೇಲೆ ಎರಡು. ಆಮೇಲೆ ಒಂದಕ್ಕೆ ಬಂತು. ಒಂದು ದಿನ ಬೆಳಿಗ್ಗೆ ಎರಡನೆಯದು ಶುರುಮಾಡಿದ್ದಾಳೆ, ಲಿಂಗ ಜಾರಿ ನೆಲಕ್ಕೆ ಬಿತ್ತು. ಅವತ್ತು ಅವಳು ಅನ್ನ ಮುಟ್ಟಲಿಲ್ಲ. ಮಠದ ಸ್ವಾಮಿಗಳು, ಕಾಯಿಲೆ ಕಣಮ್ಮ ತಾಯಿ, ಎದೆ ಮೇಲೆ ಇದ್ರೆ ಸಾಕು, ಅಂಗೈ ಮೇಲೇ ಆಗಬೇಕು ಅಂತಿಲ್ಲ ಅಂದ್ರು. ಅಕ್ಕ ತಲೆ ಆಡಿಸಿ ಬಂದ್ಲು, ಒಪ್ಪಲಿಲ್ಲ. ಕರಡಿಗೆ ಮುಚ್ಚೇ ಇಟ್ಕೊಂಡು ಕಣ್ಣೀರು ಹಾಕ್ಕೊಂಡು ಕೂರೋಳು. ನನಗೆ ಅದನ್ನ ನೋಡೋಕಾಗ್ತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಬಂದ ಪ್ರದೀಪ. ಬಿಟಿಎಂ ಲೇಔಟಲ್ಲಿ, ಕೆಳಗೆ ಪಿಜಿ ಹುಡುಗರ ಮೆಸ್, ಮೇಲೆ ಇವನ ಆಫೀಸು. ಹೊರದೇಶದ ಕ್ಲಿನಿಕ್ಕುಗಳಿಗೆ ಇಲ್ಲಿಂದ ಪೇಷೆಂಟ್ ಸಾಗಿಸೋದು ಅವನ ಕಸುಬು. ಜೆಪಿ ನಗರದ ಒಂದು ಕಲ್ಯಾಣ ಮಂಟಪದಲ್ಲಿ ಉಪ್ಪಿಟ್ಟು ಕಾಫಿ ಕೊಟ್ಟು ಭಾಷಣ ಇಟ್ಟಿದ್ದ. ಪರದೆ ಮೇಲೆ ಒಬ್ಬ ಅಜ್ಜ, ಮೊದಲು ನಡುಗ್ತಾ, ಆಮೇಲೆ ಕೈ ಚಾಚಿ ಟೀ ಕಪ್ಪು ಹಿಡಿದಿದ್ದ.

"ಬ್ರೈನಿಗೆ ಗ್ರೋತ್ ಫ್ಯಾಕ್ಟರ್ ಕೊಟ್ರೆ ಸತ್ತಿರೋ ಸೆಲ್ ವಾಪಸ್ ಬರ್ತವೆ ಮೇಡಂ," ಅಂದ. "ಇಂಡಿಯಾದಲ್ಲಿ ಪರ್ಮಿಷನ್ ಇಲ್ಲ ಅಷ್ಟೇ. ಅಲ್ಮಾಟಿ ಅಂತ ಒಂದು ಊರು, ಕಜಕಸ್ತಾನ. ಸಖತ್ತಾಗಿದೆ, ಮೌಂಟನ್ ಎಲ್ಲ ಇದೆ."

ಜಯನಗರದಲ್ಲಿ ನಮ್ಮ ನರರೋಗದ ಡಾಕ್ಟರಮ್ಮ ಇದಾರೆ. ಹೋಗಿ ಕೇಳಿದ್ವಿ. ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ, ಬಿಡಿಸಿ ಹೇಳಿದ್ರು. "ಮೆದುಳಲ್ಲಿ ಕೆಲವು ಪ್ರೋಟೀನ್ ಇದಾವಮ್ಮ. ನರಕೋಶ ಬದುಕೋದಕ್ಕೆ, ಕವಲೊಡೆಯೋದಕ್ಕೆ ಅವು ಬೇಕು, ಗಿಡಕ್ಕೆ ಗೊಬ್ಬರ ಇದ್ದ ಹಾಗೆ. ನಿಮ್ಮ ಕಾಯಿಲೇಲಿ ಕೈಕಾಲು ಆಡಿಸೋ ಕಡೆಯ ಕೋಶಗಳು ಒಂದೊಂದೇ ಸಾಯ್ತಾ ಹೋಗ್ತವೆ. ಗೊಬ್ಬರ ಕೊಟ್ಟು ಉಳಿಸಬಹುದಾ ಅಂತ ಎಷ್ಟೋ ವರ್ಷದಿಂದ ನೋಡ್ತಿದಾರೆ. ಪ್ರಾಣಿಗಳಲ್ಲಿ ಚೆನ್ನಾಗಿ ಬಂತು. ಮನುಷ್ಯರಿಗೆ ತಲೆಬುರುಡೆ ಕೊರೆದು ನೇರವಾಗಿ ಒಳಗೆ ಬಿಟ್ಟೂ ನೋಡಿದ್ರು. ಗಟ್ಟಿಯಾಗಿ ಹೇಳೋ ಹಾಗೆ ಇನ್ನೂ ಏನೂ ಸಿಕ್ಕಿಲ್ಲ."

"ಇವರು ತೋಳಿಗೆ ಡ್ರಿಪ್ ಹಾಕ್ತಾರಂತೆ," ಅಂದೆ.

"ರಕ್ತದಿಂದ ಮೆದುಳಿಗೆ ಹೋಗೋ ದಾರೀಲಿ ಒಂದು ಕಾವಲಿದೆ. ಅಷ್ಟು ದಪ್ಪದ ಪ್ರೋಟೀನನ್ನ ಅದು ಒಳಗೆ ಬಿಡಲ್ಲ. ತೋಳಿಗೆ ಹಾಕಿದ್ದು ಮೈಯಲ್ಲೇ ಸುತ್ತಾಡಿ ಬಚ್ಚಲಿಗೆ ಹೋಗುತ್ತೆ. ನೀವು ದಿನಾ ಬೆವರು ಬರೋ ಹಾಗೆ ನಡೀರಿ. ನಡೆದ್ರೆ ಮೆದುಳು ತಾನೇ ಒಂದಿಷ್ಟು ಗೊಬ್ಬರ ಮಾಡ್ಕೊಳ್ಳುತ್ತೆ ಅನ್ನೋದಕ್ಕೆ ಸ್ವಲ್ಪ ಆಧಾರ ಇದೆ. ಮಾತ್ರೆ ಮಾತ್ರ ತಪ್ಪಿಸಬೇಡಿ."

ಕೆರೆ ಸುತ್ತ ನಡೆಯೋದಕ್ಕೆ ಪಾಸ್‌ಪೋರ್ಟ್ ಬೇಡ. ಅದಕ್ಕೇ ಆ ಮಾತು ಯಾರಿಗೂ ರುಚಿಸಲ್ಲ. ಆಟೋದಲ್ಲಿ ವಾಪಸ್ ಬರ್ತಾ ಅಕ್ಕ ಅಂದ್ಲು, "ಆ ಅಜ್ಜನ ಕೈ ನಿಂತಿತ್ತು ಕಣೆ. ನಾನು ಕಣ್ಣಾರೆ ನೋಡಿದೆ. ಲಿಂಗ ಮತ್ತೆ ಅಂಗೈ ಮೇಲೆ ಕೂತ್ರೆ ಸಾಕು, ಬೇರೇನೂ ಬೇಡ ನನಗೆ." ಜಗಳ ಆಡಿದೆ, ಬೈದೆ, ಮಾತು ಬಿಟ್ಟೆ. ಮುಳುಗೋರಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ. ಆ ಹುಲ್ಲುಕಡ್ಡೀನ ಪ್ಯಾಕೇಜ್ ಮಾಡಿ ಮಾರೋ ಪ್ರದೀಪನಂಥೋರಿಗೆ ಏನಂತಾರೆ? ಕೊನೆಗೆ ಒಬ್ಬಳನ್ನೇ ಕಳಿಸೋಕಾಗದೆ ನಾನೂ ಹೊರಟೆ.

ದೇವನಹಳ್ಳಿ

ವಿಮಾನ ನಿಲ್ದಾಣದ ತಪಾಸಣೆ ಹೆಂಗಸು ಅಕ್ಕನ ಕೊರಳಿಗೆ ಕೈ ತೋರಿಸಿ, ಟ್ರೇನಲ್ಲಿ ಹಾಕಿ ಅಂದ್ಲು. ಬೆಳ್ಳಿ ಕರಡಿಗೆ. ಒಳಗೆ ಲಿಂಗ. ಆ ಟ್ರೇ ಒಳಗೆ ಆಗ ತಾನೆ ಯಾರದೋ ಬೂಟು ಹೋಗಿತ್ತು. ಅಕ್ಕ ಎರಡೂ ಕೈಯಲ್ಲಿ ಕರಡಿಗೆ ಮುಚ್ಚಿಕೊಂಡು ನಿಂತುಬಿಟ್ಲು. ಹಿಂದಿನ ಸಾಲು ಗೊಣಗೋಕೆ ಶುರುಮಾಡ್ತು.

"ಇದು ಒಡವೆ ಅಲ್ಲಮ್ಮ, ಲಿಂಗ," ಅಂದೆ. ಅವಳಿಗೆ ಕನ್ನಡ ಬರಲ್ಲ. ಹಿಂದಿಯಲ್ಲಿ ಹೇಳೋಕೆ ನನಗೆ ಶಬ್ದ ಸಿಗಲಿಲ್ಲ. ದೇವರು ಅಂದೆ, ಭಗವಾನ್ ಅಂದೆ. ಭಗವಾನ್ ಬ್ಯಾಗಲ್ಲಿ ಇಡಬಹುದಲ್ಲ ಅಂದ್ಲು. ನಮ್ಮೂರ ನೆಲದಲ್ಲಿ ನಿಂತು, ಈ ನಾಡಲ್ಲೇ ಹುಟ್ಟಿದ ಪದ್ಧತೀನ ಕೈಸನ್ನೆಯಲ್ಲಿ ವಿವರಿಸಬೇಕಾಗಿ ಬಂದಿದ್ದಕ್ಕೆ ನನಗೆ ಮೈ ಉರಿದುಹೋಯ್ತು. ಕೊನೆಗೆ ಅವಳ ಮೇಲಿನವಳು ಬಂದ್ಲು, ಧಾರವಾಡದ ಕಡೆಯವಳು. ಕರಡಿಗೆ ನೋಡಿದ ಕೂಡಲೇ ಅರ್ಥವಾಯ್ತು. ಪರದೆ ಹಿಂದೆ ಕರ್ಕೊಂಡು ಹೋಗಿ, ಮುಟ್ಟದೆ, ಅಕ್ಕನ ಕೈಯಲ್ಲೇ ತೆರೆಸಿ ನೋಡಿ, "ಹೋಗಿ ಬರ್ರಿ" ಅಂದ್ಲು. ಅಕ್ಕ ವಿಮಾನ ಹತ್ತಿ ಕೂತು ಬಹಳ ಹೊತ್ತು ಆದ್ಮೇಲೂ ಕರಡಿಗೆಯಿಂದ ಕೈ ತೆಗೆದಿರಲಿಲ್ಲ.

ಅಲ್ಮಾಟಿ

ನಮ್ಮನ್ನ ಇಳಿಸಿದ್ದು ಗುಲ್ನಾರ್ ಅನ್ನೋವಳ ಮನೇಲಿ. ನನ್ನ ವಯಸ್ಸಿನ ವಿಧವೆ. ಕ್ಲಿನಿಕ್ಕಿಗೆ ಬರೋರಿಗೆ ತನ್ನ ಫ್ಲಾಟಿನ ಒಂದು ರೂಮು ಕೊಡ್ತಾಳೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದಳು, ಅದೊಂದು ನಮ್ಮ ಹಾಗೇ ಇದೆ ಅಂತ ಖುಷಿಯಾಯ್ತು. ಮಾತೆಲ್ಲ ಫೋನ್ ಮೂಲಕ. ಅವಳು ಫೋನಿಗೆ ಹೇಳೋದು, ಅದು ಇಂಗ್ಲಿಷಲ್ಲಿ ನಮಗೆ ಹೇಳೋದು.

ಚಹಾ ಕೊಟ್ಟಳು. ಹಿಡಿ ಇಲ್ಲದ ಬಟ್ಟಲು, ಅದರಲ್ಲಿ ಹಾಲು ಹಾಕಿದ ಚಹಾ, ಅರ್ಧ ಬಟ್ಟಲೂ ಇಲ್ಲ. ನನಗೆ ಪಿತ್ತ ನೆತ್ತಿಗೇರ್ತು. ನಮ್ಮ ಬೈಟು ಕಾಫಿಯಲ್ಲೂ ಇದಕ್ಕಿಂತ ಜಾಸ್ತಿ ಇರುತ್ತೆ. ಕುಡಿದು ಮುಗಿಸಿದೆ, ಮತ್ತೆ ಅಷ್ಟೇ ಹಾಕಿದಳು. ಮುಗಿಸಿದೆ, ಮತ್ತೆ ಅಷ್ಟೇ. ಬಟ್ಟಲು ಮುಂದೆ ಚಾಚಿ, ತುಂಬಾ ಹಾಕು ತಾಯಿ ಅಂತ ಕೈಯಲ್ಲೇ ತೋರಿಸಿದೆ. ಅವಳ ಮುಖ ಸಣ್ಣಗಾಯ್ತು. ಆಮೇಲೆ ಫೋನು ಹೇಳ್ತು: ಅಲ್ಲಿ ಅತಿಥಿಗೆ ಅರ್ಧ ಬಟ್ಟಲು ಕೊಡೋದೇ ಮರ್ಯಾದೆ, ಮತ್ತೆ ಮತ್ತೆ ಬಿಸಿಯಾಗಿ ಬಡಿಸ್ತಾ ಕೂರಿಸ್ಕೊಳ್ಳೋದಕ್ಕೆ. ತುಂಬಿಸಿ ಕೊಟ್ರೆ ಕುಡಿದು ಹೊರಡು ಅಂತ ಅರ್ಥವಂತೆ. ನಾನು ಅವಳ ಮನೇಲಿ ಕೂತು, ನನ್ನನ್ನ ಹೊರಗೆ ಹಾಕು ಅಂತ ನಾನೇ ಕೇಳಿದ್ದೆ. ಅಕ್ಕ ಸೆರಗು ಬಾಯಿಗೆ ಇಟ್ಕೊಂಡು ನಕ್ಕಳು. ಆ ದೇಶದಲ್ಲಿ ಅವಳು ಮನಸಾರೆ ನಕ್ಕಿದ್ದು ಅದೊಂದೇ ಸಲ.

ಊಟದ್ದು ಇನ್ನೊಂದು ಕಥೆ. ಮಾಂಸ ತಿನ್ನಲ್ಲ ಅಂದೆ. ಸರಿ ಅಂತ ತಲೆ ಆಡಿಸಿ, ಪ್ರೀತಿಯಿಂದ ಒಂದು ತಟ್ಟೆ ತಂದಿಟ್ಟಳು. ಫೋನು ಕೇಳಿದ್ರೆ ಕುದುರೆ ಅಂತು. ಕುದುರೆ ಅವರಿಗೆ ಮಾಂಸದ ಲೆಕ್ಕಕ್ಕಿಂತ ಮೇಲಿನ ಲೆಕ್ಕ, ಹಬ್ಬದ ಅಡುಗೆ. ನಾನು ಅಕ್ಕ ಬ್ರೆಡ್ಡು, ಸೇಬು, ನಾವು ಒಯ್ದಿದ್ದ ಚಟ್ನಿಪುಡಿ ತಿಂದ್ಕೊಂಡು ಕಾಲ ಹಾಕಿದ್ವಿ. ಆದರೆ ಗುಲ್ನಾರ್ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಎರಡು ಬೀದಿ ಆಚೆ ಇತ್ತು.

ಕ್ಲಿನಿಕ್

ಬಾಗಿಲಲ್ಲಿ ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಸಿದ್ರು. ಒಳಗೆ ಗಾಜು, ಬಿಳಿ ಸೋಫಾ, ಗೋಡೆ ಮೇಲೆ ಬಣ್ಣಬಣ್ಣದ ಮೆದುಳಿನ ಚಿತ್ರ. ಡಾನಾ ಅಂತ ಒಬ್ಬಳು, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ, ಹೊರದೇಶದ ಪೇಷೆಂಟುಗಳ ಉಸ್ತುವಾರಿ ಅವಳದ್ದು. ಅವಳು ಮಾಡಿದ ಮೊದಲ ಕೆಲಸ ಅಕ್ಕನ ವಿಡಿಯೋ. ಕೈ ತೊಡೆ ಮೇಲೆ ಬಿಟ್ಟು ಆರಾಮಾಗಿ ಕೂತ್ಕೊಳಿ ಅಂದ್ಲು. ನೂರರಿಂದ ಹಿಂದಕ್ಕೆ ಎಣಿಸಿ ಅಂದ್ಲು. ಎಣಿಸೋಕೆ ತಡವರಿಸಿದ ಹಾಗೆಲ್ಲ ಅಕ್ಕನ ಎಡಗೈ ತೊಡೆ ಮೇಲೆ ಪಟಪಟ ಹೊಡ್ಕೊಳ್ತು. ಡಾನಾ ಅದನ್ನೇ ಹತ್ತಿರದಿಂದ ಹಿಡಿದಳು. ಅಕ್ಕನಿಗೆ ಅವಮಾನ ಆಯ್ತು ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಆಮೇಲೆ ಡಾಕ್ಟರ್ ಬಂದ. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ದೊಡ್ಡದು. ಕರಡಿಗೆ ತೆಗೀಬೇಕು ಅಂದ. ಅಕ್ಕ ತೆಗೆದು ಬಲ ಮುಷ್ಟಿಯಲ್ಲಿ ಹಿಡ್ಕೊಂಡ್ಲು, ಬೇರೆ ಯಾರ ಕೈಗೂ ಕೊಡಲಿಲ್ಲ. ತೋಳಿಗೆ ಸೂಜಿ ಚುಚ್ಚಿದ್ರು.

"ಈ ಬಾಟಲಿನಲ್ಲಿ ಏನಿದೆ?" ಅಂತ ಕೇಳಿದೆ.

"ನ್ಯೂರಾನ್ ಬೆಳೆಸೋ ಫ್ಯಾಕ್ಟರ್ಸ್. ನಮ್ಮದೇ ಫಾರ್ಮುಲಾ."

"ರಕ್ತದಿಂದ ಮೆದುಳಿಗೆ ಹೋಗೋ ದಾರೀಲಿ ಕಾವಲಿದೆಯಂತೆ. ಇದು ಹೇಗೆ ದಾಟುತ್ತೆ?"

ಅವನು ಡಾನಾ ಮುಖ ನೋಡಿದ. ಡಾನಾ ನನ್ನ ಮುಖ ನೋಡಿದಳು. "ನ್ಯಾನೋ," ಅಂದ. ಅಷ್ಟೇ ಉತ್ತರ. ನ್ಯಾನೋ ಅಂದ್ರೆ ಏನು, ಯಾರ ಮೇಲೆ ಪರೀಕ್ಷೆ ಮಾಡಿದೀರಿ, ಎಷ್ಟು ಜನಕ್ಕೆ ಗುಣ ಆಯ್ತು ಅಂತ ಒಂದರ ಮೇಲೊಂದು ಕೇಳಿದೆ. ನಾನು ಅಂಗಡಿಯವಳು. ಇದು ಶುದ್ಧ ರೇಷ್ಮೆನಾ ಅಂತ ಗಿರಾಕಿ ಕೇಳಿದಾಗ, ಅಂಚು ನೋಡಿ ಮೇಡಂ ಎಷ್ಟು ಚೆನ್ನಾಗಿದೆ ಅಂತ ಮಾತು ತಿರುಗಿಸೋದು ನನಗೂ ಗೊತ್ತು. ಅವನು ಹಾಗೆ ಮಾತು ತಿರುಗಿಸ್ತಾ ಹೋದ. ಹೋಗೋ ಮುಂಚೆ, ಔಷಧಿ ಚೆನ್ನಾಗಿ ಹತ್ತಬೇಕಂದ್ರೆ ನಿಮ್ಮ ಹಳೇ ಮಾತ್ರೆ ಅರ್ಧಕ್ಕೆ ಇಳಿಸಿ ಅಂತ ಅಕ್ಕನಿಗೆ ಹೇಳಿ ಹೋದ.

ನಾನು ಬೇಡ ಅಂದೆ. "ಇಷ್ಟು ದೂರ ಬಂದು ಅರ್ಧಂಬರ್ಧ ನಂಬಿದ್ರೆ ಏನು ಪ್ರಯೋಜನ?" ಅಂದ್ಲು ಅಕ್ಕ. ಟೀಚರಮ್ಮ ಆಗಿದ್ದವಳು, ಹಟ ಹಿಡಿದ್ರೆ ಮುಗೀತು.

ಜೀಬ್ರಾ ಕ್ರಾಸಿಂಗ್

ಮಾತ್ರೆ ಇಳಿಸಿದ್ದರ ಫಲ ಬೇಗನೇ ಕಾಣಿಸ್ತು. ಅಕ್ಕನ ಮೈ ಮರಗಟ್ಟೋಕೆ ಶುರುವಾಯ್ತು. ಸೀರೆ ನೆರಿಗೆ ಹಿಡಿಯೋಕಾಗ್ತಿರಲಿಲ್ಲ, ನಾನೇ ಉಡಿಸ್ತಿದ್ದೆ. ಒಂದು ದಿನ ಕ್ಲಿನಿಕ್ಕಿಂದ ವಾಪಸ್ ಬರ್ತಾ ದೊಡ್ಡ ರಸ್ತೆ ದಾಟ್ತಿದ್ವಿ. ಅರ್ಧಕ್ಕೆ ಬಂದು ಅವಳ ಕಾಲು ನೆಲಕ್ಕೆ ಅಂಟಿಕೊಂಡುಬಿಡ್ತು. ಈ ಕಾಯಿಲೆ ಇರೋರಿಗೆ ಹಾಗೆ ಆಗುತ್ತೆ, ಹೆಜ್ಜೆ ಎತ್ತಬೇಕು ಅಂದ್ರೂ ಕಾಲು ಏಳಲ್ಲ. ನಡೆದು ದಾಟೋರ ಸಿಗ್ನಲ್ ಕೆಂಪಾಯ್ತು. ಎರಡೂ ಕಡೆ ಕಾರುಗಳು ಸಾಲುಗಟ್ಟಿ ನಿಂತವು.

ನಾನು ಹಾರನ್ನಿಗೆ ಕಾದೆ. ಬರಲಿಲ್ಲ. ಬನಶಂಕರಿ ಬಸ್ ಸ್ಟಾಂಡ್ ಮುಂದೆ ಹೀಗೆ ನಿಂತಿದ್ರೆ ಇಷ್ಟು ಹೊತ್ತಿಗೆ ಬೈಕಿನೋರು ಅಜ್ಜಿ ಮನೇಲಿ ಇರಬಾರದಾ ಅಂದು, ಸೀರೆಗೆ ತಾಗಿಸ್ಕೊಂಡೇ ಹೋಗಿರೋರು. ಇಲ್ಲಿ ಒಬ್ಬ ಕೂಡ ಹಾರನ್ ಒತ್ತಲಿಲ್ಲ. ಮುಂದಿನ ಕಾರಿನವನು ಎಂಜಿನ್ನೇ ಆರಿಸಿ, ಸ್ಟೇರಿಂಗ್ ಮೇಲೆ ಕೈ ಇಟ್ಕೊಂಡು ಕಾದ. ನನಗೆ ಅಳು ಬಂತು, ಜೊತೆಗೆ ನಮ್ಮೂರಿನ ಮೇಲೆ ಕೆಟ್ಟ ಸಿಟ್ಟೂ ಬಂತು. ಇಷ್ಟು ಸಣ್ಣ ಮರ್ಯಾದೆ ನಮ್ಮ ಕೈಯಲ್ಲಿ ಯಾಕೆ ಆಗಲ್ಲ?

"ಅಕ್ಕ, ರಸ್ತೆ ಬಿಡು. ಬಿಳಿ ಪಟ್ಟೆ ನೋಡು. ಒಂದು ಪಟ್ಟೆ ದಾಟು," ಅಂದೆ. ನಮ್ಮ ಡಾಕ್ಟರಮ್ಮ ಕಲಿಸಿದ್ದ ಉಪಾಯ ಅದು. ನೆಲದ ಮೇಲೆ ದಾಟೋಕೆ ಒಂದು ಗೆರೆ ಕಂಡ್ರೆ ಕಾಲು ಏಳುತ್ತೆ. ಅಕ್ಕ ಪಟ್ಟೆ ದಾಟಿದಳು. ಇನ್ನೊಂದು ದಾಟಿದಳು. ಆ ದಂಡೆ ಮುಟ್ಟಿದ ಮೇಲೆ ನಾನು ಅವಳ ಬ್ಯಾಗು ಕಿತ್ಕೊಂಡು, ಮಾತ್ರೆ ತೆಗೆದು, ಪೂರ್ತಿ ಒಂದು ನುಂಗಿಸಿದೆ. 

ಕೊನೆಯ ಡ್ರಿಪ್

ಕೊನೆಯ ಬಾಟಲು ಮುಗೀತು. ಡಾನಾ ಕ್ಯಾಮೆರಾ ಹಿಡ್ಕೊಂಡು ಬಂದ್ಲು. ಈ ಸಲ ತೊಡೆ ಮೇಲೆ ಕೈ ಬೇಡ, ಎಣಿಸೋದೂ ಬೇಡ. "ಎಡಗೈ ನೇರ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ," ಅಂದ್ಲು.

ಅಕ್ಕ ಚಾಚಿದಳು. ಕೈ ನಿಂತಿತ್ತು. ಬೆರಳು ತುದಿ ಕೂಡ ಅಲುಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ತುಂಬಿ ಬಂತು. ನನಗೂ, ಸುಳ್ಳು ಹೇಳಲ್ಲ, ಆಯ್ತಾ, ನಾನೇ ದಡ್ಡಿ ಆದ್ನಾ, ಗುಣ ಆಗೇಬಿಡ್ತಾ ಅಂತ ಒಂದು ಗಳಿಗೆ ಅನ್ನಿಸ್ತು. ಅಷ್ಟರಲ್ಲಿ ಡಾನಾ ಕ್ಯಾಮೆರಾ ಇಳಿಸಿ, "ಸಾಕು, ಪರ್ಫೆಕ್ಟ್," ಅಂದ್ಲು.

ಯಾಕೆ ಸಾಕು? ನಿಂತಿದ್ರೆ ಇನ್ನಷ್ಟು ಹೊತ್ತು ತೋರಿಸಬಹುದಲ್ಲ? ಆಗ ನನ್ನ ತಲೆಗೆ ಹೊಳೀತು. ಈ ಅಂಗೈನ ನಾನು ದಿನಾ ನೋಡಿದೀನಿ. ಲಿಂಗ ಇಟ್ಟ ಕೂಡಲೇ ಅದು ಯಾವತ್ತೂ ನಿಲ್ತಿತ್ತು. ನಡುಗೋಕೆ ಶುರುವಾಗ್ತಿದ್ದದ್ದು ಆಮೇಲೆ.

"ಅಕ್ಕ, ಕೈ ಇಳಿಸಬೇಡ. ವಚನ ಹೇಳು," ಅಂದೆ.

"ಇಲ್ಲೇನಾ?"

"ಇಲ್ಲೇ. ದಿನಾ ಹೇಳೋದೇ."

ಅಕ್ಕ ಅಂಗೈ ನೋಡ್ತಾ ಶುರುಮಾಡಿದಳು. ಒಂದು ವಚನ ಮುಗೀತು, ಕೈ ನಿಂತೇ ಇತ್ತು. ಎರಡನೆಯದರ ಮೊದಲ ಸಾಲಿಗೆ ಕಿರುಬೆರಳು ಅಲುಗಾಡ್ತು. ಎರಡನೇ ಸಾಲಿಗೆ ಕೈ ಪೂರ್ತಿ ನಡುಗ್ತಿತ್ತು, ಮನೇಲಿ ಹೇಗೋ ಹಾಗೇ. ಅಕ್ಕನ ದನಿ ಅಲ್ಲಿಗೇ ನಿಂತುಹೋಯ್ತು.

ಅಂಗಡಿಯೊಳಗಿನ ದೀಪದಲ್ಲಿ ಸೀರೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು ಬಣ್ಣ. ಇವರು ಮಾಡಿದ್ದು ಅದೇ. ಮೊದಲು ನಡುಗೋ ಭಂಗಿಯಲ್ಲಿ ಕೂರಿಸಿ ಹಿಡಿದ್ರು, ಕೊನೆಗೆ ನಿಲ್ಲೋ ಭಂಗಿಯಲ್ಲಿ ಹಿಡಿದು ಬೇಗ ಮುಗಿಸಿದ್ರು. ಕಲ್ಯಾಣ ಮಂಟಪದಲ್ಲಿ ಕಪ್ಪು ಹಿಡಿದ ಆ ಅಜ್ಜನೂ ಹೀಗೇ. ಕಾಯಿಲೆಯವರ ಕಿವಿ ಮೇಲೆ ಹೂವಿಡೋದಕ್ಕೆ ಔಷಧಿ ಯಾಕೆ, ಕ್ಯಾಮೆರಾ ಸಾಕು. ನಾನು ಬಾಯಿಗೆ ಬಂದ ಹಾಗೆ ಬೈದೆ. ಇಂಗ್ಲಿಷ್ ಮುಗಿದ ಮೇಲೆ ಕನ್ನಡದಲ್ಲಿ ಬೈದೆ. ಡಾಕ್ಟರ್ ಓಡಿ ಬಂದು, ಪ್ರೋಟೀನ್ ಒಳಗೆ ಸೆಟ್ಲ್ ಆಗೋಕೆ ತಿಂಗಳುಗಟ್ಟಲೆ ಬೇಕು, ಊರಿಗೆ ಹೋದ್ಮೇಲೆ ಗುಣ ಕಾಣುತ್ತೆ ಅಂದ. ಹಾಗಾದ್ರೆ ಈಗ ಯಾಕಪ್ಪ ವಿಡಿಯೋ ಮಾಡಿದೆ ಅಂದೆ. 

ದಾರೀಲಿ ಅಕ್ಕ ನನ್ನ ಮೇಲೆ ಸಿಡುಕಿದಳು. "ಊರಿಗೆ ಹೋಗೋವರೆಗಾದ್ರೂ ಸುಮ್ಮನಿರಬಾರದಿತ್ತಾ ನೀನು? ಅಷ್ಟು ದಿನ ಆದ್ರೂ ನಾನು ಖುಷಿಯಾಗಿ ಇರ್ತಿದ್ದೆ." ನಾನು ಜಗಳ ಆಡಲಿಲ್ಲ. ಅವಳು ಹೇಳಿದ್ದು ನಿಜ ಇತ್ತು.

ಗುಲ್ನಾರ್ ಅಡುಗೆಮನೆ

ಮನೇಲಿ ಗುಲ್ನಾರ್ ಅಕ್ಕನ ಮುಖ ನೋಡಿದಳು, ಏನೂ ಕೇಳದೆ ಚಹಾ ಇಟ್ಟಳು. ನಾನೇ ಫೋನಿಗೆ ಎಲ್ಲ ಹೇಳಿದೆ. ಕೇಳಿ ತಲೆ ತಗ್ಗಿಸಿದಳು. ಆಮೇಲೆ ಫೋನಿಗೆ ಮೆಲ್ಲಗೆ ಏನೋ ಹೇಳಿದಳು. ಅದು ನಮಗೆ ಹೇಳ್ತು: "ಇಲ್ಲಿಗೆ ಬಂದವರು ಹೇಗೆ ಬರ್ತಾರೋ ಹಾಗೇ ಹೋಗ್ತಾರೆ."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಅಂದೆ.

"ಹೇಳಿದ್ರೆ ಅವರು ನನಗೆ ಅತಿಥಿಗಳನ್ನ ಕಳಿಸಲ್ಲ. ಮತ್ತೆ, ಆಸೆ ಇಟ್ಕೊಂಡು ಬಂದವರಿಗೆ ಬಾಗಿಲಲ್ಲೇ ಹೇಗೆ ಹೇಳಲಿ?"

ಅವಳಿಗೂ ಬೈಯಬೇಕು ಅಂತಿದ್ದೆ. ಅಕ್ಕ ನನ್ನ ಮಂಡಿ ಮೇಲೆ ಕೈ ಇಟ್ಟು ತಡೆದಳು. "ಇವಳು ಬಾಗಿಲಲ್ಲಿ ಹೇಳೋಕಾಗಲ್ಲ ಅಂತಾಳೆ. ಸರಿ. ಹೊರಡೋ ಮುಂಚೇನೇ ಯಾರಾದ್ರೂ ಹೇಳಬೇಕು," ಅಂದ್ಲು.

ಮಾರನೇ ದಿನ ನಮ್ಮನ್ನ ಏರ್‌ಪೋರ್ಟಿಗೆ ಬಿಡೋಕೆ ಡಾನಾ ಬಂದ್ಲು, ಮತ್ತೆ ಕ್ಯಾಮೆರಾ ಸಮೇತ. ನಾಚಿಕೆ ಅನ್ನೋದು ಒಂದು ಚೂರಾದ್ರೂ ಬೇಡವಾ? ಬೆಂಗಳೂರಿಂದ ಬಹಳ ಜನ ವಿಚಾರಿಸ್ತಿದಾರೆ, ನಿಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿ, ಕೈ ಹೀಗೆ ಚಾಚಿ ಅಂದ್ಲು. ನಾನು ಬಾಗಿಲು ತೋರಿಸಿದೆ. ಅಕ್ಕ ಮಾತ್ರ, "ಆಯ್ತು, ಹೇಳ್ತೀನಿ," ಅಂದು, ಸೆರಗು ಸರಿಮಾಡ್ಕೊಂಡು, ಹಣೆಗೆ ವಿಭೂತಿ ಹಚ್ಕೊಂಡು ಕಿಟಕಿ ಪಕ್ಕ ಕೂತ್ಲು. ನನಗೆ ತಲೆ ಕೆಟ್ಟುಹೋಯ್ತು. ಆದರೆ ಅವಳು ಬಾಯಿ ತೆರೆದ ಮೇಲೆ ನಾನು ತೆಪ್ಪಗಾದೆ. ಪಾಠ ಮಾಡೋವಾಗಿನ ದನಿ, ಸಣ್ಣದು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ಮುಖದಲ್ಲಿ ನಗು. ಡಾನಾಗೆ ಒಂದಕ್ಷರ ಅರ್ಥ ಆಗಲಿಲ್ಲ. "ಬ್ಯೂಟಿಫುಲ್ ಲ್ಯಾಂಗ್ವೇಜ್," ಅಂದ್ಲು.

ಯಡಿಯೂರು

ಬಂದ ಮೇಲೆ ಡಾಕ್ಟರಮ್ಮನ ಹತ್ರ ಹೋದ್ವಿ. ಸುಮ್ಮನಿದ್ದಾಗ ನಡುಗೋ ಕೈ ಏನಾದ್ರೂ ಕೆಲಸಕ್ಕೆ ಚಾಚಿದ ಕೂಡಲೇ ಸ್ವಲ್ಪ ಹೊತ್ತು ನಿಲ್ಲುತ್ತೆ, ಆಮೇಲೆ ಮತ್ತೆ ಶುರುವಾಗುತ್ತೆ, ಈ ಕಾಯಿಲೆಯ ಗುಣವೇ ಅದು ಅಂದ್ರು. ಅಕ್ಕ ಎಲ್ಲ ಕೇಳಿಸ್ಕೊಂಡು, "ಹಾಗಾದ್ರೆ ಒಂದು ವಚನದಷ್ಟು ಹೊತ್ತು ನನ್ನದೇ," ಅಂದ್ಲು. ಈಗ ಅವಳ ಪೂಜೆ ಅಷ್ಟೇ. ಲಿಂಗ ಅಂಗೈ ಮೇಲೆ ಇಡ್ತಾಳೆ, ಪತ್ರೆ ಏರಿಸ್ತಾಳೆ, ಒಂದೇ ಒಂದು ವಚನ ಹೇಳ್ತಾಳೆ, ಮುಗಿದ ಕೂಡಲೇ ಕರಡಿಗೆಗೆ ಸೇರಿಸ್ತಾಳೆ. ಆಮೇಲೆ ಇಬ್ಬರೂ ಕೆರೆ ಸುತ್ತ ನಡೀತೀವಿ.

ಮೊನ್ನೆ ಅಂಜನಾಪುರದಿಂದ ಒಬ್ಬ ಹೆಣ್ಣುಮಗಳು ಅಂಗಡಿ ಹುಡುಕ್ಕೊಂಡು ಬಂದ್ಲು. ಅವಳ ಯಜಮಾನರಿಗೂ ಇದೇ ಕಾಯಿಲೆಯಂತೆ, ಅಲ್ಮಾಟಿಗೆ ಟಿಕೆಟ್ ಮಾಡಿಸ್ತಿದಾರಂತೆ. "ನಿಮ್ಮಕ್ಕಂಗೆ ಗುಣ ಆಯ್ತಲ್ಲ ಆಂಟಿ, ವಿಡಿಯೋ ನೋಡಿದೆ," ಅಂತ ಫೋನ್ ತೋರಿಸಿದಳು. ಕಿಟಕಿ ಪಕ್ಕ ಅಕ್ಕ. ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗು, ಚಾಚಿದ ಕೈ, ಸ್ಥಿರ. ತುಟಿ ಆಡ್ತಿದೆ, ಮಾತು ಕೇಳಲ್ಲ. ದನಿ ತೆಗೆದು ಕೊಳಲು ಸಂಗೀತ ಹಾಕಿದಾರೆ. ಕೆಳಗೆ ಇಂಗ್ಲಿಷಲ್ಲಿ, ನನ್ನ ಕೈ ನನಗೆ ವಾಪಸ್ ಸಿಕ್ತು, ಥ್ಯಾಂಕ್ಯೂ, ಅಂತ ಬರೆದಿದಾರೆ.

ಶೆಟರ್ ಎಳೆದು ಸೀದಾ ಬಿಟಿಎಂಗೆ ಹೋದೆ. "ಸೌಂಡ್ ಕ್ಲಿಯರ್ ಇರಲಿಲ್ಲ ಮೇಡಂ, ಅದಕ್ಕೆ ಮ್ಯೂಸಿಕ್," ಅಂದ ಪ್ರದೀಪ.

"ಡಾನಾಗೆ ಕನ್ನಡ ಬರಲ್ಲ. ಏನು ಹೇಳಿದಾಳೆ ಅಂತ ಅವಳಿಗೆ ಹೇಳಿದ್ದು ಯಾರು? ನೀನು ಕೇಳಿಸ್ಕೊಂಡೆ ತಾನೆ?"

ಅವನು ಫೋನ್ ಕಡೆ ನೋಡಿದ. "ನಾವು ಬರೀ ಫೆಸಿಲಿಟೇಟರ್ಸ್ ಮೇಡಂ," ಅಂದ. ಪೂರ್ತಿ ಕೇಳಿಸ್ಕೊಂಡು, ಅರ್ಥ ಮಾಡ್ಕೊಂಡು, ಆಮೇಲೆ ಅಳಿಸಿದಾನೆ, ನಮ್ಮ ಭಾಷೆ ಬರೋ ಒಬ್ಬನೇ ಒಬ್ಬ ಮನುಷ್ಯ. ಅಂಜನಾಪುರದವಳಿಗೆ ಎಷ್ಟು ಹೇಳಿದ್ರೂ ಪೂರ್ತಿ ನಂಬಿಕೆ ಬರಲಿಲ್ಲ. "ಆದ್ರೆ ಅವರು ನಗ್ತಾ ಇದಾರಲ್ಲ ಆಂಟಿ," ಅಂತಾನೇ ಇದ್ದಳು.

ಅದಕ್ಕೇ ಈ ಪ್ರವಾಸ ಕಥನ. ಆ ವಿಡಿಯೋ ನಿಮ್ಮ ಫೋನಿಗೂ ಬಂದ್ರೆ ಕೊಳಲು ನಿಲ್ಲಿಸಿ, ಅಕ್ಕನ ತುಟಿ ನೋಡ್ತಾ ಇದನ್ನ ಓದ್ಕೊಳಿ. ನಾನು ಪಕ್ಕದಲ್ಲೇ ನಿಂತಿದ್ದೆ, ಅವಳು ಹೇಳಿದ್ದು ಇದು:

"ನನ್ನ ಹೆಸರು ಸರ್ವಮಂಗಳ, ಬೆಂಗಳೂರು ಯಡಿಯೂರಿನವಳು. ಇಲ್ಲಿಗೆ ಯಾರೂ ಬರಬೇಡಿ. ಇವರ ಔಷಧಿ ಮೆದುಳಿನವರೆಗೆ ಹೋಗಲ್ಲ. ಮಾತ್ರೆ ಇಳಿಸಿ ಅಂತಾರೆ, ಇಳಿಸಬೇಡಿ. ನಾನು ಇಳಿಸಿ ನಡುರಸ್ತೇಲಿ ನಿಂತುಬಿಟ್ಟೆ. ನನ್ನ ಕೈ ಈಗ ನಿಂತಿದೆ ಅಂತ ನಿಮಗೆ ಕಾಣ್ತಿರಬಹುದು. ನನಗೂ ಹಾಗೇ ಕಂಡಿತ್ತು, ಬಹಳ ಆಸೆ ಆಗಿತ್ತು. ಇವರು ಇಲ್ಲಿಗೇ ನಿಲ್ಲಿಸಿ ನಿಮಗೆ ತೋರಿಸ್ತಾರೆ. ನೀವು ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ನೋಡ್ತಾ ಇರಿ. ಹಾಂ, ನೋಡಿ. ಶುರುವಾಯ್ತು."